ಬಳೆ ಕಳಿಸಿದರೆ ಮಳೆ ಬರುತ್ತಿದೆ: ಸದ್ದಿನಲ್ಲಿ ಅಕ್ಷರ ಕಳಿಸುವವರು ಯಾರಾದರೂ ಇದ್ದೀರಾ?

ಸದ್ದುಗಳ್ಳ (ಪ್ರಶ್ನೆ)

ಎರಡು ವಾರದಿಂದ ಒಂದು ಹುಚ್ಚು ಹಿಡಿದಿದೆ. ಲ್ಯಾಪ್‌ಟಾಪ್ ಸ್ಪೀಕರ್‌ನಿಂದ ಫೋನಿನ ಮೈಕಿಗೆ ಕನ್ನಡ ಅಕ್ಷರ ಕಳಿಸಬೇಕು. ವೈಫೈ ಬೇಡ, ಬ್ಲೂಟೂತ್ ಬೇಡ, ವಯರ್ ಬೇಡ. ಬರೀ ಸದ್ದು. ಯಾಕೆ ಅಂತ ಮಾತ್ರ ಕೇಳಬೇಡಿ. ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ.

ಮಾಡಿರುವುದು ಇಷ್ಟು. ಬಿಟ್ 0 ಆದರೆ 1200 ಹರ್ಟ್ಸ್ ಸ್ವರ, 1 ಆದರೆ 2400. ಈ ಜೋಡಿ ನನ್ನ ತಲೆಯಿಂದ ಬಂದದ್ದಲ್ಲ. 1970ರ ದಶಕದಲ್ಲಿ ಮನೆ ಕಂಪ್ಯೂಟರಿನ ಪ್ರೋಗ್ರಾಮನ್ನು ಕ್ಯಾಸೆಟ್‌ನಲ್ಲಿ ಉಳಿಸಲು ಕಾನ್ಸಾಸ್ ಸಿಟಿ ಸ್ಟಾಂಡರ್ಡ್ ಎಂಬುದಿತ್ತು. ಅದರಿಂದ ಎತ್ತಿಕೊಂಡೆ. ಅವರು ಸೆಕೆಂಡಿಗೆ 300 ಬಿಟ್ ಓಡಿಸುತ್ತಿದ್ದರು. ನಾನು ಹುಷಾರಾಗಿರೋಣ ಅಂತ ಒಂದೊಂದು ಸ್ವರಕ್ಕೂ 10 ಮಿಲಿಸೆಕೆಂಡ್ ಕೊಟ್ಟಿದ್ದೇನೆ. ಅಂದರೆ ಸೆಕೆಂಡಿಗೆ 100 ಬಿಟ್. ಫೋನಿನ ಕಡೆ ಗರ್ಟ್ಸೆಲ್ ವಿಧಾನದಲ್ಲಿ ಎರಡೂ ಸ್ವರದ ಬಲ ಅಳೆಯುತ್ತೇನೆ. ಯಾವುದು ಜಾಸ್ತಿಯೋ ಅದೇ ಬಿಟ್. ಅಕ್ಷರಗಳು ಯುಟಿಎಫ್-8ರಲ್ಲಿ, ಅಂದರೆ ಅಕ್ಷರವನ್ನು 8 ಬಿಟ್‌ನ ಬೈಟ್‌ಗಳಾಗಿ ಬರೆಯುವ ಮಾಮೂಲಿ ಪದ್ಧತಿಯಲ್ಲಿ, ಹೋಗುತ್ತವೆ.

ಒಂದು ಗೇಣು ದೂರದಲ್ಲಿ, ಸದ್ದು ಸಣ್ಣಗಿಟ್ಟರೆ, ಎಲ್ಲ ಸರಿ. ಒಂದು ಅಕ್ಷರವೂ ತಪ್ಪುವುದಿಲ್ಲ. ಫೋನ್ ತಗೊಂಡು ಕೋಣೆಯ ಆ ತುದಿಗೆ, ಮೂರು ಮೀಟರ್ ದೂರಕ್ಕೆ ಹೋದೆನೋ, ಮುಗಿಯಿತು. ಅರ್ಧಕ್ಕರ್ಧ ಡಬ್ಬಿ ಡಬ್ಬಿ ಗುರುತುಗಳು. ಸರಿ, ಕೇಳಿಸುತ್ತಿಲ್ಲವೇನೋ ಅಂತ ವಾಲ್ಯೂಮ್ ಪೂರ್ತಿ ಏರಿಸಿದೆ. ಇನ್ನೂ ಕೆಟ್ಟಿತು! ಆಗ ಬಂದ ತಮಾಷೆ ನೋಡಿ. "ಬಳೆ" ಕಳಿಸಿದರೆ "ಮಳೆ" ಬರುತ್ತದೆ. "ಕಲ್ಲು" ಹೋಗಿ "ಗಲ್ಲು" ಆಗುತ್ತದೆ. ಒಂದು ಕಲ್ಲಿಗೆ ಗಲ್ಲುಶಿಕ್ಷೆ ಆದಂತೆ.

ಇನ್ನೊಂದು ಗೊಂದಲ. ಒಂದು ದಾರಿಯಲ್ಲಿ ತಪ್ಪಿಲ್ಲದೆ ಎಷ್ಟು ವೇಗವಾಗಿ ಕಳಿಸಬಹುದು ಅನ್ನುವ ಶಾನನ್ ಅವರ ಸೂತ್ರ ಹಾಕಿ ನೋಡಿದೆ. ಗರಿಷ್ಠ ವೇಗ = ಬ್ಯಾಂಡ್‌ವಿಡ್ತ್ × ಲಾಗ್2(1 + ಸಿಗ್ನಲ್/ನಾಯ್ಸ್), ಅಲ್ವಾ? ಬ್ಯಾಂಡ್‌ವಿಡ್ತ್ ಅಂದರೆ ಬಳಸಲು ಸಿಗುವ ಸ್ವರಗಳ ಅಗಲ. ನನ್ನ ಸ್ಪೀಕರ್ ಮತ್ತು ಮೈಕ್ ನಡುವೆ 10,000 ಹರ್ಟ್ಸ್ ಆರಾಮಾಗಿ ಸಿಗುತ್ತದೆ. ಮೂರು ಮೀಟರ್ ದೂರದಲ್ಲೂ ನನ್ನ ಸ್ವರ ಫ್ಯಾನಿನ ಗದ್ದಲಕ್ಕಿಂತ 20 ಡೆಸಿಬೆಲ್ ಮೇಲಿದೆ, ಅಂದರೆ 100 ಪಟ್ಟು. ಲೆಕ್ಕ ಹಾಕಿದರೆ ಸೆಕೆಂಡಿಗೆ 66,000ಕ್ಕೂ ಜಾಸ್ತಿ ಬಿಟ್ ಬರುತ್ತದೆ. ನನಗೆ 100 ಕೂಡ ನೆಟ್ಟಗೆ ಬರುತ್ತಿಲ್ಲ. ಸೂತ್ರ ಸುಳ್ಳಾ, ನಾನು ಸುಳ್ಳಾ?

ಅವಸರ

ಬ್ಲೂಟೂತ್ ಆನ್ ಮಾಡಿದರೆ ಎರಡು ಸೆಕೆಂಡಿನ ಕೆಲಸ. ಸುಮ್ನೆ ಯಾಕೆ ಇಷ್ಟೆಲ್ಲ ಪಾಡು?

ಸದ್ದುಗಳ್ಳ

ಮೊದಲ ಪ್ಯಾರಾ ಇನ್ನೊಮ್ಮೆ ಓದಿ ಮಾರಾಯರೇ.

ಹಳೇ ಮೋಡೆಮ್

ಉತ್ತರ ಹೇಳುವ ಮೊದಲು ಒಂದು ಪ್ರಶ್ನೆ. ಬಳೆ ಮಳೆಯಾಯಿತು, ಸರಿ. ಮಳೆ ಯಾವತ್ತಾದರೂ ಬಳೆ ಆಗಿದೆಯಾ? ಗಲ್ಲು ಕಲ್ಲಾಗಿದೆಯಾ?

ಕೇಳಲು ಕಾರಣ ಇದೆ. ಬ ಅಕ್ಷರದ ಕೊನೆಯ ಬೈಟ್ 10101100. ಮ ಅಕ್ಷರದ್ದು 10101110. ಕ 10010101, ಗ 10010111. ಎರಡು ಕಡೆಯೂ ಕೆಟ್ಟಿದ್ದು ಒಂದೇ ಒಂದು ಬಿಟ್. ಎರಡು ಕಡೆಯೂ 0 ಹೋಗಿ 1 ಆಗಿದೆ. ಬರೀ ಎರಡು ಉದಾಹರಣೆಯಿಂದ ತೀರ್ಪು ಕೊಡಬಾರದು ನಿಜ. ಆದರೆ ಫ್ಯಾನಿನ ಗದ್ದಲಕ್ಕೆ 0 ಕಂಡರೆ ಆಗುವುದಿಲ್ಲ, 1 ಕಂಡರೆ ಪ್ರೀತಿ ಅಂತ ಏನೂ ಇರುವುದಿಲ್ಲ. ಗದ್ದಲ ಎರಡನ್ನೂ ಸಮನಾಗಿ ಕೆಡಿಸುತ್ತದೆ. ತಪ್ಪುಗಳನ್ನು ಎಣಿಸಿ ಹೇಳಿ. ವಾಲ್ಯೂಮ್ ಪೂರ್ತಿ ಇಟ್ಟಾಗ ಎಷ್ಟು, ಅರ್ಧ ಇಟ್ಟಾಗ ಎಷ್ಟು, ಬೇರೆ ಬೇರೆ.

ಸದ್ದುಗಳ್ಳ

ಎಣಿಸಿದೆ. ಮೈ ಜುಮ್ ಅಂತು. ಪೂರ್ತಿ ವಾಲ್ಯೂಮ್‌ನಲ್ಲಿ ಕೆಟ್ಟ 61 ಬಿಟ್‌ಗಳಲ್ಲಿ 58 ಬಿಟ್ 0 ಇದ್ದದ್ದು 1 ಆಗಿವೆ. ಉಲ್ಟಾ ಆದದ್ದು ಮೂರೇ ಮೂರು. ಮಳೆ ಒಮ್ಮೆಯೂ ಬಳೆ ಆಗಿಲ್ಲ. ಅರ್ಧ ವಾಲ್ಯೂಮ್‌ನಲ್ಲಿ 34 ತಪ್ಪು. ಅಲ್ಲಿ ಎರಡು ಕಡೆಗೂ ಹೆಚ್ಚುಕಡಿಮೆ ಸಮ.

ಹಳೇ ಮೋಡೆಮ್

ಹಾಗಾದರೆ ನಿಮಗೆ ಎರಡು ಕಾಯಿಲೆ ಇದೆ, ಒಂದಲ್ಲ.

ಮೊದಲನೆಯದು ಸುಲಭ. 1200ರ ಎರಡರಷ್ಟು ಎಷ್ಟು? 2400. ಸಣ್ಣ ಸ್ಪೀಕರನ್ನು ಅದರ ಶಕ್ತಿ ಮೀರಿ ಕೂಗಿಸಿದರೆ ಅದು ಕೊಟ್ಟ ಸ್ವರವನ್ನಷ್ಟೇ ಹಾಡುವುದಿಲ್ಲ. ಅಲೆಯ ಆಕಾರ ಕೆಡುತ್ತದೆ. ಕೆಟ್ಟ ಅಲೆಯಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು ಕಂಪನದ ಸ್ವರಗಳೂ ಸೇರಿಕೊಳ್ಳುತ್ತವೆ. ನೀವು 0 ಅಂತ 1200 ಊದಿಸಿದಾಗ ಸ್ಪೀಕರ್ ಪಕ್ಕದಲ್ಲೇ 2400 ಕೂಡ ಊದುತ್ತದೆ. ಅದು ನಿಮ್ಮ 1. ಸಣ್ಣ ಸ್ಪೀಕರ್‌ಗಳು ಕೆಳಸ್ವರಕ್ಕಿಂತ ಮೇಲಿನ ಸ್ವರವನ್ನು ಚೆನ್ನಾಗಿ ಹೊರಹಾಕುತ್ತವೆ ಬೇರೆ. ಹಾಗಾಗಿ ವಾಲ್ಯೂಮ್ ಏರಿಸಿದಷ್ಟೂ 0 ಬಾಯಿ ತೆರೆದರೆ 1 ಬರುತ್ತದೆ. 2400ರ ಎರಡರಷ್ಟು 4800. ಅದನ್ನು ನೀವು ಕೇಳುತ್ತಲೇ ಇಲ್ಲ. ಅದಕ್ಕೇ 1 ಕೆಡುವುದಿಲ್ಲ.

ಕ್ಯಾಸೆಟ್‌ನವರಿಗೆ ಇದು ಕಾಡಲಿಲ್ಲ. ಅವರ ಸದ್ದು ವಯರಿನಲ್ಲಿ ಹೋಗುತ್ತಿತ್ತು, ಅಲೆ ಎಷ್ಟು ಸಲ ಸೊನ್ನೆ ದಾಟಿತು ಅಂತ ಎಣಿಸಿದರೆ ಸಾಕಿತ್ತು. ಆದರೆ ಫೋನಿನ ಗುಂಡಿಗಳ ಸ್ವರ ರೂಪಿಸಿದವರಿಗೆ ಈ ಕಾಟ ಚೆನ್ನಾಗಿ ಗೊತ್ತಿತ್ತು. 1963ರಲ್ಲಿ ಬಂದ ಗುಂಡಿ ಫೋನಿನ ಸ್ವರಗಳು ನೋಡಿ: 697, 770, 852, 941, ಆಮೇಲೆ 1209, 1336, 1477, 1633. ಇಷ್ಟು ವಕ್ರ ಸಂಖ್ಯೆಗಳು ಯಾಕೆ? ಒಂದರ ಎರಡರಷ್ಟೋ ಮೂರರಷ್ಟೋ ಇನ್ನೊಂದು ಆಗಬಾರದು ಅಂತ. 5 ಒತ್ತಿದರೆ 770 ಮತ್ತು 1336 ಒಟ್ಟಿಗೆ ಬರುತ್ತವೆ. ಮನುಷ್ಯರ ಮಾತಿನಲ್ಲಿ ಆ ಜೋಡಿ ಅಕಸ್ಮಾತ್ ಬರುವುದು ಕಷ್ಟ.

ಎರಡನೇ ಕಾಯಿಲೆ ಅರ್ಧ ವಾಲ್ಯೂಮ್‌ನಲ್ಲಿ ಕಾಣುತ್ತಿರುವುದು. ಅದರ ಹೆಸರು ಗೋಡೆ.

ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಇದು ಆಮೆ. ನಿಮ್ಮ ಹಿಂದೆ ಮೂರು ಮೀಟರ್ ಆಚೆ ಗೋಡೆ ಇದೆ ಅಂದುಕೊಳ್ಳಿ. ನಿಮ್ಮನ್ನು ದಾಟಿ ಹೋದ ಸದ್ದು ಗೋಡೆಗೆ ಬಡಿದು ವಾಪಸ್ ಬರಲು ಆರು ಮೀಟರ್ ನಡೆಯಬೇಕು, 17 ಮಿಲಿಸೆಕೆಂಡ್ ಜಾಸ್ತಿ. ನಿಮ್ಮ ಒಂದು ಬಿಟ್ 10 ಮಿಲಿಸೆಕೆಂಡ್. ಅಂದರೆ ಈಗಿನ ಬಿಟ್ ಕೇಳುವ ಹೊತ್ತಿಗೆ ಎರಡು ಬಿಟ್ ಹಿಂದಿನದು ಗೋಡೆಯಿಂದ ಬಂದು ಇದರ ಮೇಲೆ ಕೂತಿರುತ್ತದೆ. ಒಂದು ಗೋಡೆಯಲ್ಲ, ನಾಲ್ಕು ಗೋಡೆ, ನೆಲ, ಚಾವಣಿ. ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಅದರ ಬಾಲ ಪೂರ್ತಿ ಅಡಗಲು ಸಾಮಾನ್ಯವಾಗಿ ಅರ್ಧ ಸೆಕೆಂಡಿನಷ್ಟು ಬೇಕು. ಅದು ನಿಮ್ಮ 50 ಬಿಟ್.

ಹತ್ತಿರ ಇದ್ದಾಗ ಯಾಕೆ ಕೆಲಸ ಮಾಡಿತು? ನೇರ ಬರುವ ಸದ್ದು ದೂರ ಎರಡರಷ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳ ನಡುವೆ ತಿರುಗುವ ಸದ್ದು ಹಾಗಲ್ಲ. ಅದು ಕೋಣೆಯ ಎಲ್ಲ ಮೂಲೆಯಲ್ಲೂ ಹೆಚ್ಚುಕಡಿಮೆ ಒಂದೇ. ಮಾಮೂಲಿ ಕೋಣೆಯಲ್ಲಿ ಒಂದು ಮೀಟರ್ ಆಸುಪಾಸು ದಾಟಿದರೆ ನೀವು ಕೇಳುವುದರಲ್ಲಿ ಸ್ಪೀಕರ್‌ಗಿಂತ ಕೋಣೆಯೇ ಜಾಸ್ತಿ.

ಈಗ ವಾಲ್ಯೂಮ್ ವಿಷಯ. ನೀವು ಫ್ಯಾನಿನ ಗದ್ದಲ ಅಳೆದು ಅದನ್ನು ನಾಯ್ಸ್ ಅಂತ ಸೂತ್ರಕ್ಕೆ ಹಾಕಿದಿರಿ. ನಿಮ್ಮ ನಿಜವಾದ ನಾಯ್ಸ್ ಫ್ಯಾನ್ ಅಲ್ಲ. ನೀವೇ. ನಿಮ್ಮದೇ ಹಿಂದಿನ ಮಾತು. ವಾಲ್ಯೂಮ್ ಎರಡರಷ್ಟು ಮಾಡಿದರೆ ಪ್ರತಿಧ್ವನಿಯೂ ಎರಡರಷ್ಟು ಆಗುತ್ತದೆ. ಭಾಗಾಕಾರದ ಉತ್ತರ ಇದ್ದಲ್ಲೇ ಇರುತ್ತದೆ.

ನನ್ನ ಹಳೇ ಕಥೆ ಒಂದು ಸೇರಿಸುತ್ತೇನೆ, ಕ್ಷಮೆ ಇರಲಿ. ಶುರುವಿನಲ್ಲಿ ನಾನು ಕೆಲಸ ಮಾಡಿದ ಕಡೆ ಒಂದು ಅಕೌಸ್ಟಿಕ್ ಕಪ್ಲರ್ ಇತ್ತು. ಎರಡು ರಬ್ಬರ್ ಬಟ್ಟಲು ಇರುವ ಪೆಟ್ಟಿಗೆ. ಫೋನಿನ ರಿಸೀವರನ್ನು ಅದರಲ್ಲಿ ಒತ್ತಿ ಕೂರಿಸಬೇಕು. ಮೋಡೆಮ್, ಅಂದರೆ ಬಿಟ್‌ಗಳನ್ನು ಸ್ವರ ಮಾಡಿ ಫೋನ್ ಲೈನಿಗೆ ಹಾಕುವ ಯಂತ್ರ, ಕಿರುಚುತ್ತದೆ, ರಿಸೀವರ್ ಕೇಳಿಸಿಕೊಳ್ಳುತ್ತದೆ. ಬೆಲ್ 103 ಎಂಬ 1962ರ ಮಾದರಿಯ ಸ್ವರಗಳೇ ಅದರಲ್ಲೂ ಇದ್ದವು: ಒಂದು ಕಡೆಯವರಿಗೆ 1070 ಮತ್ತು 1270, ಇನ್ನೊಂದು ಕಡೆಯವರಿಗೆ 2025 ಮತ್ತು 2225. ಸೆಕೆಂಡಿಗೆ 300 ಬಿಟ್. ನಾನು ಆ ರಬ್ಬರ್ ಬಟ್ಟಲು ಇರುವುದು ರಿಸೀವರ್ ಜಾರದಿರಲಿ ಅಂತ ಅಂದುಕೊಂಡಿದ್ದೆ. ಒಂದು ಬಟ್ಟಲು ಸೀಳಿದ ಮೇಲೆ ಗೊತ್ತಾಯಿತು. ಯಾರಾದರೂ ಬಾಗಿಲು ದಢಾರ್ ಎನ್ನಿಸಿದರೆ ಪರದೆಯ ಮೇಲೆ ಕಸ ಬೀಳುತ್ತಿತ್ತು. ಆ ಬಟ್ಟಲು ಇದ್ದದ್ದು ಕೋಣೆಯನ್ನು ಹೊರಗಿಡಲು. ನೀವು ಕೋಣೆಯನ್ನೇ ವಯರು ಮಾಡಿಕೊಂಡಿದ್ದೀರಿ.

ಇನ್ನು ಸೂತ್ರ ಸುಳ್ಳಲ್ಲ. ಫೋನ್ ಲೈನಿನಲ್ಲಿ ಸುಮಾರು 300ರಿಂದ 3400 ಹರ್ಟ್ಸ್ ಮಾತ್ರ ಹೋಗುತ್ತಿತ್ತು. 30ರಿಂದ 35 ಡೆಸಿಬೆಲ್ ಸಿಗುವ ಲೈನಿಗೆ ಶಾನನ್ ಮಿತಿ ಸೆಕೆಂಡಿಗೆ 31,000ದಿಂದ 36,000 ಬಿಟ್ ಬರುತ್ತದೆ. ಮೋಡೆಮ್‌ಗಳು 300ರಿಂದ ಹತ್ತುತ್ತಾ ಹತ್ತುತ್ತಾ 1990ರ ದಶಕದಲ್ಲಿ 33,600ಕ್ಕೆ ಬಂದು ನಿಂತವು. ಆಮೇಲೆ ಬಂದ 56,000ದವು ಮಿತಿ ಮುರಿದವು ಅಂತ ಅನೇಕರು ತಿಳಿದಿದ್ದರು. ಮುರಿಯಲಿಲ್ಲ. ಒಂದು ತುದಿ ಆಗಲೇ ಡಿಜಿಟಲ್ ಆಗಿತ್ತು, ಹಾಗಾಗಿ ಆ ಕಡೆಯ ಗದ್ದಲ ಲೆಕ್ಕಕ್ಕೆ ಬರಲಿಲ್ಲ. ಸೆಕೆಂಡಿಗೆ ಸದ್ದಿನ 8000 ಮಾದರಿ (ಸ್ಯಾಂಪಲ್), ಒಂದೊಂದಕ್ಕೂ 7 ಬಿಟ್. ಬೇಕಾದರೆ ಗುಣಿಸಿ ನೋಡಿ.

ನಿಮ್ಮ 66,000 ಎಲ್ಲಿ ಹೋಯಿತು ಅಂದರೆ, ಬಹುಪಾಲು ನೀವು ಬಳಸಲೇ ಇಲ್ಲ. 10 ಮಿಲಿಸೆಕೆಂಡಿನ ಸ್ವರ ಹಿಡಿಯುವ ಜಾಗ ಸುಮಾರು 100 ಹರ್ಟ್ಸ್. ಎರಡು ಸ್ವರಕ್ಕೆ 200. ಉಳಿದ 9,800 ಹರ್ಟ್ಸ್ ಖಾಲಿ ಬಿದ್ದಿದೆ. ಹತ್ತು ಲೇನ್ ರಸ್ತೆಯಲ್ಲಿ ಅಂಚು ಹಿಡಿದು ಸೈಕಲ್ ಓಡಿಸಿದ ಹಾಗೆ. ಅದೂ ಎದುರಾಳಿ ನಿಮ್ಮದೇ ಇನ್ನೊಂದು ಸೈಕಲ್.

ಮಾಡಬೇಕಾದ್ದು: ನಿಧಾನವಾಗಿ ಮಾತಾಡಿ, ಆದರೆ ಒಟ್ಟಿಗೆ ನಾಲ್ಕು ಬಾಯಲ್ಲಿ ಮಾತಾಡಿ. 3000ದಿಂದ 6000 ಹರ್ಟ್ಸ್ ಒಳಗೆ 64 ಸ್ವರ ಇಡಿ. ಸೆಕೆಂಡಿಗೆ 48,000 ಮಾದರಿಯ ರೆಕಾರ್ಡಿಂಗ್‌ನಲ್ಲಿ 1024 ಮಾದರಿ ಹಿಡಿದರೆ ಒಂದು ಮನೆ, ಅಂದರೆ ಒಂದು ಸ್ವರಕ್ಕೆ ಸಿಗುವ ಅಗಲ, 46.875 ಹರ್ಟ್ಸ್. 64 ಮನೆಗೆ ಸರಿಯಾಗಿ 3000. ಈ ಸಾಲನ್ನು 16ರ ನಾಲ್ಕು ಗುಂಪು ಮಾಡಿ. ಪ್ರತಿ ಗುಂಪಿನಿಂದ ಒಂದು ಸ್ವರ, ನಾಲ್ಕೂ ಒಟ್ಟಿಗೆ. ಗುಂಪಿಗೆ 4 ಬಿಟ್, ಒಟ್ಟು 16 ಬಿಟ್. ಇದನ್ನು 100 ಮಿಲಿಸೆಕೆಂಡ್ ಊದಿಸಿ. ಕೇಳುವವರು ಮೊದಲ 40 ಬಿಟ್ಟುಬಿಡಿ, ಕೊನೆಯ 60 ಕೇಳಿ. ಹಳೆಯ ಪ್ರತಿಧ್ವನಿ ಪೂರ್ತಿ ಸಾಯುವುದಿಲ್ಲ, ಆದರೆ ಅಷ್ಟರಲ್ಲಿ ಹೊಸ ಸ್ವರ ಅದರ ಮೇಲೆ ಬಂದಿರುತ್ತದೆ. 3000ರ ಎರಡರಷ್ಟು 6000, ಅದು ಬೇಲಿಯ ಆಚೆ. ಮೊದಲ ಕಾಯಿಲೆಗೂ ಇದೇ ಮದ್ದು. ವಾಲ್ಯೂಮ್ ಮಾತ್ರ ಮಿತಿಯಲ್ಲಿರಲಿ. ನಾಲ್ಕು ಸ್ವರ ಒಟ್ಟಿಗೆ ಇದ್ದಾಗ ಸ್ಪೀಕರ್ ಕಿರುಚಿದರೆ ಅವು ಒಂದಕ್ಕೊಂದು ಬೆರೆತು ನೀವು ಹೇಳದ ಐದನೆಯದು ಹುಟ್ಟುತ್ತದೆ.

ಅರೆಬರೆ ಗಣಿತ

ಹಳೇ ಮೋಡೆಮ್ ಹೇಳಿದ್ದಕ್ಕೆಲ್ಲ ಒಪ್ಪಿಗೆ. ಆದರೆ ಅವರು ಶಾನನ್ ಅವರ ಅರ್ಧವನ್ನಷ್ಟೇ ಹೇಳಿದರು. ಸ್ವರದವರಿಗೆಲ್ಲ ಇದೇ ಚಟ, ಆ ಸೂತ್ರದ ಮೇಲೇ ಪ್ರೀತಿ.

1948ರಲ್ಲಿ ಕ್ಲಾಡ್ ಶಾನನ್ ಆ ಸೂತ್ರದ ಲೇಖನ ಬರೆದಾಗ ಎಂಜಿನಿಯರ್‌ಗಳ ನಂಬಿಕೆ ಒಂದೇ ಇತ್ತು. ತಪ್ಪು ಕಡಿಮೆ ಬೇಕಾದರೆ ಒಂದೋ ಜೋರಾಗಿ ಕಳಿಸು, ಇಲ್ಲ ನಿಧಾನ ಕಳಿಸು. ತಪ್ಪನ್ನು ಸೊನ್ನೆಯ ಹತ್ತಿರ ತರಬೇಕಾದರೆ ವೇಗವೂ ಸೊನ್ನೆಯ ಹತ್ತಿರ ಹೋಗಬೇಕು. ಶಾನನ್ ಹಾಗಲ್ಲ ಅಂತ ತೋರಿಸಿದರು. ಪ್ರತಿ ದಾರಿಗೂ ಒಂದು ಮಿತಿ ಇದೆ. ಅದರ ಕೆಳಗೆ ಇದ್ದರೆ, ವೇಗ ಬಿಡದೆ, ತಪ್ಪನ್ನು ಎಷ್ಟು ಬೇಕಾದರೂ ಇಳಿಸಬಹುದು. ಅದಕ್ಕೆ ಕೊಡಬೇಕಾದ ಬೆಲೆ ಕಾಯುವುದು. ತುಂಬಾ ಬಿಟ್‌ಗಳನ್ನು ಒಟ್ಟಿಗೆ ಕಟ್ಟಿ ಕಳಿಸಬೇಕು. ಹೇಗೆ ಕಟ್ಟುವುದು ಅಂತ ಮಾತ್ರ ಅವರು ಹೇಳಲಿಲ್ಲ. ಇಂತಹ ಕಟ್ಟು ಇದ್ದೇ ಇದೆ ಅಂತ ಸಾಬೀತು ಮಾಡಿ ಸುಮ್ಮನಾದರು. ಆ ಮಿತಿಯ ತೀರಾ ಹತ್ತಿರ ಹೋಗುವ ಟರ್ಬೊ ಕೋಡ್ ಎಂಬ ಕಟ್ಟು ಬಂದದ್ದು 1993ರಲ್ಲಿ. 45 ವರ್ಷ! ಅದಕ್ಕಿಂತ ಮೊದಲೇ, 1960ರ ದಶಕದ ಶುರುವಿನಲ್ಲಿ, ರಾಬರ್ಟ್ ಗ್ಯಾಲಗರ್ ಒಂದು ಒಳ್ಳೆಯ ಕೋಡ್ ಕೊಟ್ಟಿದ್ದರು. ಆಗಿನ ಯಂತ್ರಗಳಿಗೆ ಅದು ಭಾರವಾಗಿ ಎಲ್ಲರೂ ಮರೆತರು. ಈಗ ಅದೇ ಬಗೆಯದು 5ಜಿಯಲ್ಲಿದೆ.

ನಿಮಗೆ ಅಷ್ಟು ಬೇಡ. ಹ್ಯಾಮಿಂಗ್ ಕೋಡ್ ಸಾಕು. ರಿಚರ್ಡ್ ಹ್ಯಾಮಿಂಗ್ ಕೂಡ ಶಾನನ್ ಅವರ ಹಾಗೆ ಬೆಲ್ ಲ್ಯಾಬ್ಸ್ ಎಂಬ ಅಮೆರಿಕದ ಫೋನ್ ಕಂಪನಿಯ ಪ್ರಯೋಗಾಲಯದವರೇ. ವಾರದ ಕೊನೆಗೆ ಯಂತ್ರಕ್ಕೆ ಲೆಕ್ಕ ಕೊಟ್ಟು ಹೋಗುತ್ತಿದ್ದರು. ಯಂತ್ರ ನಡುವೆ ಒಂದು ತಪ್ಪು ಕಂಡರೆ ಆ ಕೆಲಸವನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಏನೂ ಆಗಿಲ್ಲ. ತಪ್ಪಾಗಿದೆ ಅಂತ ಗೊತ್ತಾಗುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಅಂತ ಯಾಕೆ ಗೊತ್ತಾಗಬಾರದು ಅನ್ನುವ ಸಿಟ್ಟಿನಿಂದ ಹುಟ್ಟಿದ್ದು ಅದು. ಪ್ರಕಟವಾದದ್ದು 1950ರಲ್ಲಿ. 4 ಬಿಟ್‌ಗೆ 3 ಕಾವಲು ಬಿಟ್ ಸೇರಿಸಿ 7 ಮಾಡಿ. ಏಳರಲ್ಲಿ ಯಾವ ಒಂದು ಕೆಟ್ಟರೂ ಅದೇ ತೋರಿಸಿಕೊಡುತ್ತದೆ, ತಿರುಗಿಸಿದರೆ ಆಯಿತು. ಬಳೆ ಬಳೆಯಾಗಿಯೇ ಉಳಿಯುತ್ತದೆ.

ಆದರೆ ಹ್ಯಾಮಿಂಗ್ ಕೋಡ್ ಒಂದು ತಪ್ಪನ್ನಷ್ಟೇ ತಡೆಯುತ್ತದೆ. ಬಾಗಿಲು ದಢಾರ್ ಅಂದರೆ ನಿಮ್ಮ 16 ಬಿಟ್ ಒಟ್ಟಿಗೆ ಹೋಗುತ್ತವೆ. ಹಳೇ ಮೋಡೆಮ್ ಕೊಟ್ಟ 16 ಇಲ್ಲಿ ಚಂದ ಕೂರುತ್ತದೆ ನೋಡಿ. 16 ಹ್ಯಾಮಿಂಗ್ ಪದಗಳನ್ನು ಒಂದರ ಕೆಳಗೊಂದು ಬರೆಯಿರಿ. 16 ಸಾಲು, 7 ಕಂಬ. ಅಡ್ಡಡ್ಡ ಕಳಿಸಬೇಡಿ. ಉದ್ದುದ್ದ, ಕಂಬ ಕಂಬವಾಗಿ ಕಳಿಸಿ. ಒಂದು ಕಂಬ 16 ಬಿಟ್, ಅಂದರೆ ಒಂದು ಊದು. ಈಗ ಒಂದು ಊದು ಪೂರ್ತಿ ಹಾಳಾದರೂ ಪ್ರತಿ ಸಾಲಿನಿಂದ ಹೋಗುವುದು ಒಂದೊಂದೇ ಬಿಟ್. ಹದಿನಾರೂ ಸಾಲು ತಮ್ಮಷ್ಟಕ್ಕೆ ತಾವೇ ಸರಿಯಾಗುತ್ತವೆ. ಸೀಡಿ ಮೇಲೆ ಗೀರು ಬಿದ್ದರೂ ಹಾಡು ಬರುತ್ತಿದ್ದದ್ದು ಇದೇ ಉಪಾಯದಿಂದ. ಅಲ್ಲಿ ಕೋಡ್ ಬೇರೆ, 1960ರ ರೀಡ್-ಸಾಲೊಮನ್, ಆದರೆ ಹರಡಿ ಇಡುವ ಬುದ್ಧಿ ಒಂದೇ.

ಈಗ ನನಗೆ ಇಷ್ಟವಾದ ಭಾಗ. ನೀವು ಯುಟಿಎಫ್-8 ಹಾಗೇ ಕಳಿಸುತ್ತಿದ್ದೀರಿ. ಕನ್ನಡದ ಒಂದೊಂದು ಸಂಕೇತಕ್ಕೂ ಅದರಲ್ಲಿ 3 ಬೈಟ್. "ಸ್ತ್ರೀ" ಅಂತ ಬರೆದರೆ ಸ, ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ತ, ವಿರಾಮ, ರ, ಈತ್ವ, ಒಟ್ಟು ಆರು ಸಂಕೇತ. 18 ಬೈಟ್, 144 ಬಿಟ್. ಆ ಮೂರು ಬೈಟ್‌ನಲ್ಲಿ ಮೊದಲನೆಯದು ಯಾವಾಗಲೂ 11100000. ಕನ್ನಡದ ಯಾವ ಅಕ್ಷರ ಬಂದರೂ ಅದೇ. ಎರಡನೆಯದು 10110010, ಇಲ್ಲ 10110011. ಬೇರೆ ಸಾಧ್ಯವೇ ಇಲ್ಲ. ಮೂರನೆಯದರ ಮೊದಲ ಎರಡು ಬಿಟ್ ಯಾವಾಗಲೂ 10. ಶಾನನ್ ಪ್ರಕಾರ ಮಾಹಿತಿ ಅಂದರೆ ಅಚ್ಚರಿ. ಮುಂಚೆಯೇ ಗೊತ್ತಿರುವುದನ್ನು ಹೇಳಿದರೆ ಏನೂ ಹೇಳಿದಂತಲ್ಲ. ಲೆಕ್ಕ ಹಾಕಿ: ಮೊದಲ ಬೈಟ್‌ನಲ್ಲಿ ಅಚ್ಚರಿ 0 ಬಿಟ್, ಎರಡನೆಯದರಲ್ಲಿ 1, ಮೂರನೆಯದರಲ್ಲಿ 6. ಒಟ್ಟು 7. ನೀವು 7 ಬಿಟ್ ಹೇಳಲು 24 ಬಿಟ್ ಊದಿಸುತ್ತಿದ್ದೀರಿ! ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಇರುವುದು 128 ಮನೆ, ಅದರಲ್ಲೂ ಎಷ್ಟೋ ಖಾಲಿ. ಖಾಲಿ ಮನೆಗಳಲ್ಲಿ ಖಾಲಿಜಾಗ, ಪೂರ್ಣವಿರಾಮ, ಪ್ರಶ್ನೆಗುರುತು ಕೂರಿಸಿ. ಮುಗಿಯಿತು.

ಇನ್ನೂ ಇಳಿಸಬಹುದು. ನ, ರ, ದ ಹೆಜ್ಜೆಹೆಜ್ಜೆಗೂ ಬರುತ್ತವೆ. ಝ, ಞ ಅಪರೂಪ. ಪದೇ ಪದೇ ಬರುವುದಕ್ಕೆ ಗಿಡ್ಡ ಹೆಸರು, ಅಪರೂಪದ್ದಕ್ಕೆ ಉದ್ದ ಹೆಸರು. ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನ ಇ ಅಕ್ಷರಕ್ಕೆ ಒಂದೇ ಚುಕ್ಕಿ ಸಿಕ್ಕಿದ್ದು ಹಾಗೆ. ಆದರೆ ಸದ್ಯ ಅಲ್ಲಿಗೆ ಹೋಗಬೇಡಿ. ಗಿಡ್ಡ ಉದ್ದ ಮಾಡಿದರೆ ಒಂದು ಬಿಟ್ ತಪ್ಪಿದರೂ ಮುಂದಿನದೆಲ್ಲ ಜಾರುತ್ತದೆ.

ಒಂದು ಕಡೆ ಹೆಚ್ಚಿನದನ್ನು ಕತ್ತರಿಸಿ ಅನ್ನುತ್ತೇನೆ, ಇನ್ನೊಂದು ಕಡೆ ಕಾವಲು ಬಿಟ್ ಸೇರಿಸಿ ಅನ್ನುತ್ತೇನೆ, ಇದೇನು ಅಂತ ಅನ್ನಿಸಬಹುದು. ಯುಟಿಎಫ್-8 ಹೊರುವ ಹೆಚ್ಚಿನ ಬಿಟ್ ನಿಮ್ಮ ಕೋಣೆಗೆ ಉಪಯೋಗವಿಲ್ಲದ್ದು. ಹ್ಯಾಮಿಂಗ್ ಹೊರುವುದು ತಪ್ಪಿನ ಜಾಗ ನೋಡಿ ಅಳೆದು ಇಟ್ಟದ್ದು. ಮಧ್ಯ ಆಫ್ರಿಕಾದ ಕಾಂಗೊ ನದಿಯ ಕಡೆ ಡೋಲಿನಲ್ಲಿ ಊರಿಂದ ಊರಿಗೆ ಸುದ್ದಿ ಕಳಿಸುತ್ತಿದ್ದವರಿಗೆ ಇದು ಗೊತ್ತಿತ್ತು. ಅವರ ಭಾಷೆಯಲ್ಲಿ ಸ್ವರದ ಏರಿಳಿತಕ್ಕೆ ಅರ್ಥ ಇದೆ. ಡೋಲಿಗೆ ಬರುವುದು ಆ ಏರು ಇಳಿವು ಮಾತ್ರ, ವ್ಯಂಜನ ಬರುವುದಿಲ್ಲ. ಹಾಗಾಗಿ ಚಂದ್ರ ಅನ್ನುವ ಒಂದು ಪದ ಬಡಿದರೆ ಹತ್ತು ಪದದ ಹಾಗೆ ಕೇಳುತ್ತದೆ. ಅದಕ್ಕೆ ಅವರು ಬರೀ ಚಂದ್ರ ಅನ್ನುತ್ತಿರಲಿಲ್ಲ. ಭೂಮಿಯನ್ನು ನೋಡುವ ಚಂದ್ರ ಅಂತ ಉದ್ದಕ್ಕೆ ಬಡಿಯುತ್ತಿದ್ದರು. ಹೊರಗಿನವರಿಗೆ ಅದು ಕವಿತೆಯ ಹಾಗೆ ಕೇಳಿಸಿತು. ಅದು ಅವರ ಕಾವಲು ಬಿಟ್.

ಕೊನೆಗೆ ಒಂದು ಸಣ್ಣ ಕೆಲಸದ ಮಾತು. ನೀವು ಫೋನಿನ ಬ್ರೌಸರ್‌ನಲ್ಲಿ ಕೇಳುತ್ತಿದ್ದರೆ ಎಕೋ ಕ್ಯಾನ್ಸಲೇಶನ್, ನಾಯ್ಸ್ ಸಪ್ರೆಶನ್, ಆಟೋ ಗೇನ್, ಈ ಮೂರನ್ನೂ ನಿಮ್ಮ ಪ್ರೋಗ್ರಾಮಿನಲ್ಲಿ ಆಫ್ ಮಾಡಿ. ಇಲ್ಲದಿದ್ದರೆ ಫೋನ್ ನಿಮ್ಮ ಸ್ವರವನ್ನು ಫ್ಯಾನಿನ ಗೊರಗೊರ ಅಂದುಕೊಂಡು ಒರೆಸಿಹಾಕುತ್ತದೆ. ಈ ಒಂದು ವಿಷಯಕ್ಕೆ ನಾನು ಮೂರು ರಾತ್ರಿ ಕಳೆದಿದ್ದೇನೆ.

ಸದ್ದುಗಳ್ಳ

ಇಬ್ಬರಿಗೂ ದೊಡ್ಡ ನಮಸ್ಕಾರ. ಮೂರೂ ಆನ್ ಇದ್ದವು. ಆ ಮೂರು ಸಾಲು ಬದಲಿಸಿದ ತಕ್ಷಣ ಅರ್ಧ ತಪ್ಪು ಹೋಯಿತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಶನಿವಾರ ಭಾನುವಾರ ಕೂತು ಉಳಿದದ್ದೂ ಬರೆದೆ. 64 ಸ್ವರ, ನಾಲ್ಕು ಗುಂಪು, 16 ಸಾಲು 7 ಕಂಬ. ಒಂದು ಕಟ್ಟಿಗೆ 7 ಊದು, ಅಂದರೆ 0.7 ಸೆಕೆಂಡ್. ಅದರಲ್ಲಿ ನಿಜವಾದ ಮಾಲು 64 ಬಿಟ್. 7 ಬಿಟ್‌ನ 9 ಸಂಕೇತ ಹಿಡಿದು ಒಂದು ಬಿಟ್ ಉಳಿಯುತ್ತದೆ. ಆ ಒಂಟಿ ಬಿಟ್‌ಗೆ ಸಮ-ಬೆಸ ಲೆಕ್ಕ ನೋಡುವ ಕೆಲಸ ಕೊಟ್ಟಿದ್ದೇನೆ. ನೂರು ಸಂಕೇತದ ಸಂದೇಶಕ್ಕೆ 12 ಕಟ್ಟು, 8.4 ಸೆಕೆಂಡ್. ಮೊದಲು ಇದೇ ಸಂದೇಶಕ್ಕೆ 24 ಸೆಕೆಂಡ್ ಬೇಕಿತ್ತು, ಅದೂ ಮಳೆ ಗಲ್ಲು ಎಲ್ಲ ಸೇರಿ. ಒಂದು ಸ್ವರ ಊದುವ ಹೊತ್ತು ಹತ್ತು ಪಟ್ಟು ನಿಧಾನ ಮಾಡಿದೆ, ಸಂದೇಶ ಮೂರು ಪಟ್ಟು ಬೇಗ ಬಂತು. ಮನೆಯವರಿಗೆ ಇದನ್ನು ವಿವರಿಸಲು ಹೋಗಿ ಸೋತೆ.

ನಾಲ್ಕು ಮೀಟರ್‌ನಲ್ಲಿ ಇಪ್ಪತ್ತು ಸಲ ಕಳಿಸಿದೆ, ಇಪ್ಪತ್ತೂ ಸರಿ. ನಡುವೆ ಬೇಕಂತಲೇ ಬಾಗಿಲು ಬಡಿದೆ. ಲಾಗ್‌ನಲ್ಲಿ ಒಂದು ಕಂಬ ಪೂರ್ತಿ ಕೆಂಪು, ಹದಿನಾರೂ ಸಾಲು ರಿಪೇರಿ, ಅಕ್ಷರ ಒಂದೂ ಅಲುಗಲಿಲ್ಲ. ಆ ಕೆಂಪು ಕಂಬವನ್ನು ಹತ್ತು ನಿಮಿಷ ನೋಡುತ್ತಾ ಕೂತಿದ್ದೆ.

ಈಗ ಹೊಸ ತಲೆನೋವು. ಫೋನ್ ಹಿಡಿದು ಲ್ಯಾಪ್‌ಟಾಪ್ ಕಡೆ ಬಿರುಸಾಗಿ ನಡೆದರೆ ಕೆಡುತ್ತದೆ. ನಿಂತರೆ ಸರಿ. ಈ ಸಲ ಬುದ್ಧಿ ಕಲಿತು ಮೊದಲೇ ಎಣಿಸಿದ್ದೇನೆ. ಕೆಡುವುದು ಬಹುಪಾಲು ನಾಲ್ಕನೇ ಗುಂಪು, 5250ರ ಮೇಲಿನದು. ಒಂದನೇ ಗುಂಪು ಕೆಡುವುದೇ ಇಲ್ಲ. ಕೆಟ್ಟದ್ದು ಯಾವಾಗಲೂ ಪಕ್ಕದ ಮೇಲಿನ ಸ್ವರವಾಗಿ ಓದುತ್ತದೆ. ಹಿಂದಕ್ಕೆ ನಡೆದರೆ ಕೆಳಗಿನದಾಗಿ.

ಹಳೇ ಮೋಡೆಮ್

ಭೇಷ್. ಪ್ರಶ್ನೆಯಲ್ಲೇ ಉತ್ತರ ಇದೆ. ಡಾಪ್ಲರ್ ಪರಿಣಾಮ: ಸದ್ದಿನ ಕಡೆ ನಡೆದರೆ ಸ್ವರ ಏರುತ್ತದೆ, ದೂರ ಹೋದರೆ ಇಳಿಯುತ್ತದೆ. ಬಿರುಸು ನಡಿಗೆ ಸೆಕೆಂಡಿಗೆ 1.5 ಮೀಟರ್ ಅಂದುಕೊಳ್ಳಿ. 343ರಿಂದ ಭಾಗಿಸಿ ಸ್ವರಕ್ಕೆ ಗುಣಿಸಿ. 3000ಕ್ಕೆ 13 ಹರ್ಟ್ಸ್ ಏರಿಕೆ, 5900ಕ್ಕೆ ಸುಮಾರು 26. ನಿಮ್ಮ ಮನೆಯ ಅರ್ಧ ಅಗಲ 23. ಮೇಲಿನ ಗುಂಪು ಪಕ್ಕದ ಮನೆಗೆ ಕಾಲಿಡುತ್ತದೆ, ಕೆಳಗಿನದು ತನ್ನ ಮನೆಯಲ್ಲೇ ಇರುತ್ತದೆ.

ನೀರೊಳಗೆ ಡೇಟಾ ಕಳಿಸುವವರಿಗೆ ಇದು ದಿನನಿತ್ಯದ ಕಾಟ. ಸಮುದ್ರದ ಉಪ್ಪುನೀರಿನಲ್ಲಿ ರೇಡಿಯೋ ಬೇಗ ಸಾಯುತ್ತದೆ, ಸದ್ದೇ ಗತಿ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಗಾಳಿಗಿಂತ ವಾಸಿ, ಆದರೆ ರೇಡಿಯೋ ಅಲೆಯ ಎದುರು ಏನೂ ಅಲ್ಲ. ದೋಣಿ ಸ್ವಲ್ಪ ತೇಲಿದರೂ ಎಲ್ಲ ಸ್ವರ ಜಾರುತ್ತದೆ. ಅವರು ಮೊದಲು ಗೊತ್ತಿರುವ ಒಂದು ಸ್ವರ ಕಳಿಸಿ, ಅದು ಎಷ್ಟು ಜಾರಿ ಬಂತು ಅಂತ ನೋಡಿ, ಬಂದ ಸದ್ದನ್ನೆಲ್ಲ ಅದೇ ಪ್ರಮಾಣದಲ್ಲಿ ಹಿಗ್ಗಿಸುತ್ತಾರೆ ಇಲ್ಲ ಕುಗ್ಗಿಸುತ್ತಾರೆ. ನೀವೂ 2800ರಲ್ಲಿ ಒಂದು ಕಾಯಂ ಸ್ವರ ಇಡಿ. ಅದರದು ಬೇರೇನೂ ಕೆಲಸವಿಲ್ಲ, ಸುಮ್ನೆ ಇರುವುದು.

ಸದ್ದುಗಳ್ಳ

2800 ಇಟ್ಟೆ. ನಡೆಯುವಾಗ ಅದು 2812 ಅಂತ ಓದುತ್ತಿದೆ. ನನ್ನ ನಡಿಗೆಯ ವೇಗ ಲ್ಯಾಪ್‌ಟಾಪ್‌ನ ಸಿಳ್ಳೆಯಿಂದ ಗೊತ್ತಾಗುತ್ತಿದೆ! ಸದ್ಯ ತಿದ್ದುಪಡಿ ಬರೆಯುವುದು ಬಿಟ್ಟು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೇನೆ.

ಅವಸರ

ಕೋಡ್ ಎಲ್ಲಾದರೂ ಹಾಕಿದ್ದೀರಾ? ಹಾಗೇ ಸುಮ್ನೆ, ನೋಡೋಣ ಅಂತ.